ಮಳೆ ಕೈಕೊಟ್ಟರೂ ಹಗೇವು ಬರಿದಾಗದಂತೆ: ಮಳೆಯಾಶ್ರಿತ ರಾಗಿ ಹೊಲಕ್ಕೊಂದು ಮಾರ್ಗದರ್ಶಿ

2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಆ ವರ್ಷದ ಆಗಸ್ಟ್, ಇಡೀ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆ ಬಿದ್ದ ಆಗಸ್ಟ್ ಆಗಿತ್ತು. ಅದಕ್ಕೆ ಎರಡೇ ವರ್ಷ ಹಿಂದೆ, 2021ರ ನವೆಂಬರಿನಲ್ಲಿ, ದಕ್ಷಿಣ ಒಳನಾಡಿನ ರೈತರು ಇದಕ್ಕೆ ವಿರುದ್ಧವಾದ ಸಂಕಟವನ್ನು ಕಂಡಿದ್ದರು: ಕೊಯ್ಲಿಗೆ ಬಂದ ರಾಗಿಯ ಮೇಲೆ ಬಿಡದೆ ಮಳೆ ಸುರಿದು, ತೆನೆಯಲ್ಲೇ ಕಾಳು ಮೊಳೆಯಿತು. ಒಂದೇ ಹೊಲ, ಒಂದೇ ಬೆಳೆ, ಎರಡು ಬಗೆಯ ನಷ್ಟ. ಇಂಥ ಹವಾಮಾನದಲ್ಲಿ ‘ಒಳ್ಳೆಯ ತಳಿ ಯಾವುದು’ ಎಂಬ ಪ್ರಶ್ನೆಗಿಂತ ‘ಇವತ್ತಿನ ತಾರೀಖಿಗೆ ಸಲ್ಲುವ ತಳಿ ಯಾವುದು’ ಎಂಬ ಪ್ರಶ್ನೆಯೇ ಮುಖ್ಯವೆಂದು ನಾನು ಬಲವಾಗಿ ನಂಬಿದ್ದೇನೆ. ಅದಕ್ಕೆ ಬೇಕಾದ ಸಂಶೋಧನೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಮಂಡ್ಯದ ವಿ.ಸಿ. ಫಾರ್ಮ್ ಸಂಶೋಧನಾ ಕೇಂದ್ರದಲ್ಲೂ ದಶಕಗಳಿಂದ ನಡೆದಿದೆ. ಅದನ್ನು ಹೊಲದ ಬದುವಿನವರೆಗೆ ತರುವ ಕೆಲಸ ಮಾತ್ರ ನಮ್ಮದು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳಲ್ಲಿ ಎರಡು ಮೂರು ಎಕರೆ ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲವಿರುವ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೆಜ್ಜೆಗಳನ್ನು ಬರೆದಿದ್ದೇನೆ. ಕಪ್ಪು ಮಣ್ಣಿನ ಉತ್ತರದ ಜಿಲ್ಲೆಗಳಿಗೆ ಲೆಕ್ಕವೇ ಬೇರೆ. ಅಲ್ಲಿಯವರು ಧಾರವಾಡ ಮತ್ತು ರಾಯಚೂರು ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸನ್ನು ಅನುಸರಿಸಬೇಕು.

ಮೊದಲ ಹೆಜ್ಜೆ: ಮನೆಗೆ ಎಷ್ಟು ಬೇಕು ಎಂಬ ಲೆಕ್ಕ

ಬೀಜದ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯ ಲೆಕ್ಕ ಹಾಕಬೇಕು. ದಿನಕ್ಕೆ ತಲಾ 275 ಗ್ರಾಂ ಹಿಟ್ಟು ಖರ್ಚಾಗುವ ಮನೆಯಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು ಒಂದು ಕ್ವಿಂಟಲ್ ರಾಗಿ ಬೇಕಾಗುತ್ತದೆ. ಐದು ಜನರ ಕುಟುಂಬಕ್ಕೆ ಐದು ಕ್ವಿಂಟಲ್, ಮುಂದಿನ ಬಿತ್ತನೆಗೆ ಹತ್ತು ಹದಿನೈದು ಕಿಲೋ ಬೀಜ, ದನಕರುಗಳಿಗೆ ಹುಲ್ಲು: ಇಷ್ಟು ಯಾವ ಕೆಟ್ಟ ವರ್ಷದಲ್ಲೂ ಕೈತಪ್ಪಬಾರದು. ಈ ಪ್ರಮಾಣವನ್ನು ಕೊಡಬಲ್ಲ ಒಂದು ಭಾಗವನ್ನು ಹೊಲದಲ್ಲಿ ಗುರುತಿಸಿ, ಅಲ್ಲಿ ಅಪಾಯ ಕಡಿಮೆ ಇರುವ ಆಯ್ಕೆಗಳನ್ನೇ ಮಾಡಿ. ಹೊಸ ತಳಿ, ಹೊಸ ಪದ್ಧತಿ, ಮಾರಾಟದ ಬೆಳೆ ಇವುಗಳ ಪ್ರಯೋಗವೆಲ್ಲ ಉಳಿದ ಭಾಗದಲ್ಲಿ ನಡೆಯಲಿ.

ಎರಡನೆಯ ಹೆಜ್ಜೆ: ಮಣ್ಣಿನ ಮಾದರಿ

ಬೇಸಿಗೆಯಲ್ಲಿ, ಗೊಬ್ಬರ ಹಾಕುವುದಕ್ಕೆ ಮೊದಲೇ, ಮಣ್ಣಿನ ಮಾದರಿ ತೆಗೆಯಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಮೇಲಿನ ಕಸಕಡ್ಡಿ ಸರಿಸಿ, ಆರು ಅಂಗುಲ ಆಳಕ್ಕೆ ಇಳಿಜಾರು ಗುಂಡಿ ತೋಡಿ, ಗುಂಡಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರವನ್ನು ಕೆರೆದು ತೆಗೆಯಿರಿ. ಬದುವಿನ ಅಂಚು, ಮರದ ನೆರಳು, ತಿಪ್ಪೆಯಿದ್ದ ಜಾಗ, ನೀರು ನಿಲ್ಲುವ ತಗ್ಗು ಇವನ್ನು ಬಿಡಬೇಕು. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಬಿಸಾಡುತ್ತ ಹೋಗಿ ಕೊನೆಗೆ ಅರ್ಧ ಕಿಲೋ ಉಳಿಸಿಕೊಳ್ಳಿ. ನೆರಳಿನಲ್ಲಿ ಒಣಗಿಸಿ, ಹೆಸರು ಮತ್ತು ಸರ್ವೆ ನಂಬರು ಬರೆದ ಚೀಟಿಯೊಡನೆ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ.

ವರದಿ ಬಂದಾಗ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಸಾಲನ್ನಷ್ಟೇ ನೋಡಿ ಮಡಿಚಿಡುವುದು ಬಹಳ ಕಡೆ ಕಾಣುವ ತಪ್ಪು. 2009ರಲ್ಲಿ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನ ನೆರವಿನಿಂದ ರಾಜ್ಯದಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳ ಮಣ್ಣನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ಗಂಧಕ, ಸತು ಮತ್ತು ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದು ಕಂಡುಬಂದಿತು. ಈ ಮೂರರಲ್ಲಿ ಒಂದು ಕಡಿಮೆಯಿದ್ದರೂ ಸುರಿದ ಯೂರಿಯಾದ ಫಲ ಪೂರ್ತಿ ಸಿಗುವುದಿಲ್ಲ. ಆದ್ದರಿಂದ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಎಷ್ಟು ಹಾಕಬೇಕೆಂದು ವರದಿಯನ್ನು ಮುಂದಿಟ್ಟುಕೊಂಡು ಅಧಿಕಾರಿಯನ್ನು ಕೇಳಿ, ಅವರು ಹೇಳಿದ ಪ್ರಮಾಣವನ್ನು ಬರೆದಿಟ್ಟುಕೊಳ್ಳಿ. ಬೋರಾನ್ ಮಾತ್ರ ಅಂದಾಜಿನಲ್ಲಿ ಹಾಕುವ ವಸ್ತುವಲ್ಲ. ಸ್ವಲ್ಪ ಹೆಚ್ಚಾದರೂ ಪೈರಿಗೆ ವಿಷವಾಗುತ್ತದೆ.

ಮೂರನೆಯ ಹೆಜ್ಜೆ: ಮಳೆಯನ್ನು ಅಳೆಯುವುದು

ನೇರ ಗೋಡೆಯ, ಬಾಯಿಯೂ ತಳವೂ ಒಂದೇ ಅಗಲವಿರುವ ಯಾವ ಡಬ್ಬಿಯಾದರೂ ಮಳೆಮಾಪಕವಾಗುತ್ತದೆ. ಮರ, ಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ಅಲುಗಾಡದಂತೆ ನಿಲ್ಲಿಸಿ, ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದು, ಡಬ್ಬಿಯನ್ನು ಬರಿದು ಮಾಡಬೇಕು. ಬರೆಯುವ ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರದ ಹೆಸರನ್ನೂ ಸೇರಿಸಿದರೆ ಒಳ್ಳೆಯದು, ಏಕೆಂದರೆ ‘ಪುಷ್ಯ ಹೇಗಿತ್ತು, ಮಖೆ ಹೇಗಿತ್ತು’ ಎಂದೇ ನಮ್ಮ ಹಿರಿಯರ ನೆನಪು ಕೆಲಸ ಮಾಡುತ್ತದೆ. ಅವರ ನೆನಪಿಗೆ ನಿಮ್ಮ ಅಂಕಿ ಜೊತೆಯಾದಾಗ ಮೂರು ನಾಲ್ಕು ವರ್ಷಗಳಲ್ಲಿ ನಿಮ್ಮ ಹೊಲದ್ದೇ ಆದ ಮಳೆಯ ಚರಿತ್ರೆ ಸಿದ್ಧವಾಗುತ್ತದೆ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಈ ಸಂಸ್ಥೆಯ ‘ವರುಣಮಿತ್ರ’ ಸಹಾಯವಾಣಿಗೆ, ಅಂದರೆ 92433 45433ಕ್ಕೆ, ಕರೆ ಮಾಡಿದರೆ ನಿಮ್ಮ ಭಾಗದ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲೇ ಹೇಳುತ್ತಾರೆ. ಸ್ಮಾರ್ಟ್‌ಫೋನ್ ಇರುವವರು ‘ಮೇಘದೂತ್’ ಆ್ಯಪಿನಲ್ಲಿ ಮಂಗಳವಾರ ಮತ್ತು ಶುಕ್ರವಾರ ಹೊರಬರುವ ಕೃಷಿ ಹವಾಮಾನ ಸಲಹೆಯನ್ನು ಓದಬಹುದು. ಐದು ದಿನಗಳ ಮುನ್ಸೂಚನೆಯನ್ನು ಮೇಲುಗೊಬ್ಬರ ಹಾಕಲು, ಔಷಧಿ ಸಿಂಪಡಿಸಲು, ಕೊಯ್ಯಲು ದಿನ ಗೊತ್ತುಮಾಡುವುದಕ್ಕೆ ಧಾರಾಳವಾಗಿ ಬಳಸಿ. ಆದರೆ ಮುನ್ಸೂಚನೆಯೊಂದನ್ನೇ ನಂಬಿ ಒಣ ಮಣ್ಣಿಗೆ ರಾಗಿ ಹಾಕಬೇಡಿ. ಹದ ಮಳೆ ಬಿದ್ದು, ಗುದ್ದಲಿಯಿಂದ ತೋಡಿದಾಗ ಅರ್ಧ ಅಡಿಯವರೆಗೆ ತೇವ ಕಂಡ ಮೇಲೆಯೇ ಕೂರಿಗೆ ಹೂಡಬೇಕು.

ನಾಲ್ಕನೆಯ ಹೆಜ್ಜೆ: ತಾರೀಖಿಗೆ ತಕ್ಕ ತಳಿ

ಇಡೀ ಲೇಖನದಲ್ಲಿ ಒಂದನ್ನೇ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ರಾಗಿ ಒಂದು ಮಟ್ಟದವರೆಗೆ ಬರವನ್ನು ತಡೆದುಕೊಳ್ಳುತ್ತದೆ. ಎಳೆಯ ಪೈರು ಬಾಡಿದರೂ ಮಳೆ ಬಂದೊಡನೆ ಮತ್ತೆ ತೆಂಡೆ ಹೊಡೆದು ಚೇತರಿಸಿಕೊಳ್ಳುತ್ತದೆ. ಆದರೆ ತೆನೆ ಹೊರಬರುವ ಮತ್ತು ಕಾಳು ಕಟ್ಟುವ ಕಾಲದಲ್ಲಿ ಭೂಮಿಯಲ್ಲಿ ತೇವವಿಲ್ಲದಿದ್ದರೆ ಚೇತರಿಕೆಗೆ ಅವಕಾಶವೇ ಇಲ್ಲ, ತೆನೆ ಜೊಳ್ಳಾಗುತ್ತದೆ. ದಕ್ಷಿಣ ಒಳನಾಡಿನಲ್ಲಿ ಹೆಚ್ಚು ಭರವಸೆಯ ಮಳೆ ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ, ಅಂದರೆ ಉತ್ತರೆ, ಹಸ್ತ, ಚಿತ್ತೆಗಳ ಕಾಲದಲ್ಲಿ ಬೀಳುತ್ತದೆ. ಆದುದರಿಂದ ತೆನೆ ಹೊರಬರುವ ದಿನಗಳು ಈ ಮಳೆಗೆ ಸಿಗುವಂತೆ ಬಿತ್ತನೆಯನ್ನು ಹೊಂದಿಸುವುದೇ ತಳಿ ಆಯ್ಕೆಯ ಗುಟ್ಟು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಎಂಆರ್-6ರಂಥ ದೀರ್ಘಾವಧಿ ತಳಿಗಳು 120 ದಿನಗಳಿಗಿಂತ ಹೆಚ್ಚು ತೆಗೆದುಕೊಳ್ಳುತ್ತವೆ. ಇವು ಜೂನ್-ಜುಲೈ ಬಿತ್ತನೆಗೆ. ಜಿಪಿಯು-28, ಎಂಎಲ್-365 ಮಧ್ಯಮಾವಧಿಯವು, 105ರಿಂದ 115 ದಿನ; ಜುಲೈನಿಂದ ಆಗಸ್ಟ್ ಮೊದಲ ವಾರಗಳವರೆಗೆ. ಜಿಪಿಯು-48, ಇಂಡಾಫ್-9ರಂಥ ಅಲ್ಪಾವಧಿ ತಳಿಗಳು 95ರಿಂದ 100 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಆಗಸ್ಟ್ ಕೊನೆಯವರೆಗೂ ಇವಕ್ಕೆ ಅವಕಾಶವಿದೆ. ಇಂಡಾಫ್ ಎಂಬ ಹೆಸರಿನಲ್ಲಿ ಭಾರತ ಮತ್ತು ಆಫ್ರಿಕಾ ಎರಡೂ ಸೇರಿವೆ: ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿಯು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಗೊಳಿಸಿ ಈ ತಳಿಗಳನ್ನು ಕೊಟ್ಟರು. ರಾಗಿಯ ಹೂವು ಎಷ್ಟು ಸಣ್ಣದೆಂದು ಬಲ್ಲವರಿಗೆ ಆ ಕೆಲಸಕ್ಕೆ ಬೇಕಾದ ತಾಳ್ಮೆಯ ಅಂದಾಜು ಸಿಗುತ್ತದೆ. ಅವರ ಋಣ ನಮ್ಮ ಪ್ರತಿ ಮುದ್ದೆಯಲ್ಲೂ ಇದೆ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಮಳೆ ತಡವಾಗಿ, ಆಗಸ್ಟ್ 10ರಂದು ನಿಮಗೆ ಹದ ಸಿಕ್ಕಿತು ಎಂದುಕೊಳ್ಳಿ. ಕೊಯ್ಲಿಗೆ ಸುಮಾರು 37 ದಿನ ಮೊದಲು ತೆನೆ ಬರುತ್ತದೆಂದು ಇಟ್ಟುಕೊಂಡರೆ, 112 ದಿನಗಳ ಜಿಪಿಯು-28 ಅಕ್ಟೋಬರ್ 24ರ ವೇಳೆಗೆ ತೆನೆ ಬಿಟ್ಟು ನವೆಂಬರ್ 30ಕ್ಕೆ ಕೊಯ್ಲಾಗುತ್ತದೆ. 97 ದಿನಗಳ ಜಿಪಿಯು-48 ಅಕ್ಟೋಬರ್ 9ರ ವೇಳೆಗೇ ತೆನೆ ಬಿಟ್ಟು ನವೆಂಬರ್ 15ಕ್ಕೆ ಮುಗಿಯುತ್ತದೆ. ಮೊದಲನೆಯದು ಕಾಳು ಕಟ್ಟುವಾಗ ಸ್ವಾತಿ ಮಳೆಯನ್ನೇ ನೆಚ್ಚಿಕೊಳ್ಳಬೇಕು. ಎರಡನೆಯದಕ್ಕೆ ಚಿತ್ತೆಯ ಮಳೆ ಪೂರ್ತಿಯಾಗಿ ಸಿಗುತ್ತದೆ. ಒಳ್ಳೆಯ ವರ್ಷದಲ್ಲಿ ಅಲ್ಪಾವಧಿ ತಳಿ ಎಕರೆಗೆ ಒಂದೆರಡು ಕ್ವಿಂಟಲ್ ಕಡಿಮೆ ಕೊಟ್ಟೀತು, ಆದರೆ ತಡವಾದ ವರ್ಷದಲ್ಲಿ ಮನೆಯ ಪಾಲನ್ನು ಕಾಪಾಡುವುದು ಅದೇ. ಹೀಗಾಗಿ ಮೇ ತಿಂಗಳಲ್ಲೇ ಎರಡು ಬಗೆಯ ಬೀಜ ಮನೆಯಲ್ಲಿರಬೇಕು: ಮಧ್ಯಮಾವಧಿಯದು ಒಂದು, ಅಲ್ಪಾವಧಿಯದು ಇನ್ನೊಂದು. ಮಳೆ ತಡವಾದ ಮೇಲೆ ಎಲ್ಲರೂ ಒಟ್ಟಿಗೆ ಅಲ್ಪಾವಧಿ ಬೀಜ ಹುಡುಕಿಕೊಂಡು ಹೋಗುವಾಗ ಅದು ಸಿಗದಿರುವ ಸಂಭವವೇ ಹೆಚ್ಚು.

ಆಗಸ್ಟ್ ಕೊನೆಯವರೆಗೂ ಹದ ಸಿಗದಿದ್ದರೆ ರಾಗಿಯ ಹಟ ಬಿಟ್ಟು ಹುರುಳಿಯತ್ತ ತಿರುಗಬೇಕು. ಹಳ್ಳದ ನೀರೋ ಕೊಳವೆಬಾವಿಯ ನೀರೋ ಸ್ವಲ್ಪ ಇರುವವರು ಜುಲೈ ಕೊನೆಗೇ ಎರಡು ಮೂರು ಗುಂಟೆಯಲ್ಲಿ ಒಟ್ಟಲು (ಸಸಿಮಡಿ) ಹಾಕಿಟ್ಟುಕೊಂಡರೆ, ಮಳೆ ಬಂದ ದಿನವೇ ಮೂರು ವಾರದ ಪೈರನ್ನು ನಾಟಿ ಮಾಡಿ, ಕಳೆದುಕೊಂಡ ದಿನಗಳಲ್ಲಿ ಬಹುಪಾಲನ್ನು ಹಿಂದಕ್ಕೆ ಪಡೆಯಬಹುದು.

ಐದನೆಯ ಹೆಜ್ಜೆ: ಬೀಜದ ಪರೀಕ್ಷೆ ಮತ್ತು ಹದಗೊಳಿಸುವಿಕೆ

ಮನೆಯ ಬೀಜವಾದರೂ ಅಂಗಡಿಯದಾದರೂ ನೂರು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ವಾರದೊಳಗೆ ಎಷ್ಟು ಮೊಳೆತವೆಂದು ನೋಡಿ. ಪ್ರಮಾಣಿತ ರಾಗಿ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಶೇ 75. ಅದಕ್ಕಿಂತ ಕಡಿಮೆಯಾದರೆ ಬೀಜ ಬದಲಿಸಿ.

ಬಿತ್ತಿದ ಮೇಲೆ ಮಳೆ ತಡೆದರೆ ಮೊಳಕೆ ಸಾಯದಂತೆ ಬೀಜವನ್ನು ಹದಗೊಳಿಸುವ ಸರಳ ಕ್ರಮವೊಂದಿದೆ. ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಬೇಕು. ಮೊಳಕೆಯ ಮೊದಲ ಸುಳಿವು ಕಂಡೊಡನೆ ಬಿಚ್ಚಿ, ಒಣ ಬಟ್ಟೆಯ ಮೇಲೆ ನೆರಳಿನಲ್ಲಿ ಎರಡು ದಿನ ಒಣಗಿಸಿ ಬಿತ್ತಬೇಕು. ಹೀಗೆ ಮಾಡಿದ ಬೀಜ ಬೇಗ ಹುಟ್ಟುತ್ತದೆ, ಎಳೆಯದಿರುವಾಗ ಬರಗಾಲವನ್ನು ಹೆಚ್ಚು ತಾಳುತ್ತದೆ. ಬಿತ್ತುವ ದಿನ ಅಜೋಸ್ಪಿರಿಲಂ ಮತ್ತು ರಂಜಕ ಕರಗಿಸುವ ಜೀವಾಣು ಗೊಬ್ಬರವನ್ನು ಲೇಪಿಸಿ. ರಾಗಿಯ ಜೊತೆ ಬಿತ್ತುವ ತೊಗರಿಗೆ ರೈಜೋಬಿಯಂ ಜೀವಾಣು ಬೇಕು. ಜೀವಾಣು ಪ್ಯಾಕೆಟ್ಟಿನ ಅವಧಿ ಮುಗಿದಿರಬಾರದು, ಅದನ್ನು ಬಿಸಿಲಿನಲ್ಲಿ ಇಟ್ಟಿರಲೂಬಾರದು; ಇಲ್ಲವಾದರೆ ಹಚ್ಚಿದ್ದು ಬರೀ ಕರಿಪುಡಿಯಾಗುತ್ತದೆ.

ಆರನೆಯ ಹೆಜ್ಜೆ: ಅಕ್ಕಡಿ ಸಾಲು ಮತ್ತು ಹರಿದುಹೋಗುವ ನೀರು

ರಾಗಿಯ ನಡುವೆ ಅಕ್ಕಡಿ ಇಕ್ಕುವ, ಅಂದರೆ ಬೇರೆ ಕಾಳಿನ ಸಾಲುಗಳನ್ನು ಬಿತ್ತುವ, ಹಳೆಯ ರೂಢಿಯನ್ನು ಸಂಶೋಧನೆ ಅಳತೆಗೆ ತಂದಿದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲುಗಳ ನಡುವೆ ಒಂದು ಆಳವಾದ ಸಾಲನ್ನು ತೆರೆದಿಟ್ಟರೆ, ಬಿದ್ದ ಮಳೆ ಬದುವಿಗೆ ಓಡದೆ ಅಲ್ಲೇ ಇಂಗುತ್ತದೆ. ಆಳಕ್ಕಿಳಿಯುವ ತೊಗರಿಯ ಬೇರು ರಾಗಿ ಕೊಯ್ದ ಮೇಲೂ ಆ ತೇವವನ್ನು ಹೀರಿ ಬೆಳೆಯುತ್ತದೆ. ಉಳುಮೆಯೂ ಬಿತ್ತನೆಯೂ ಇಳಿಜಾರಿಗೆ ಅಡ್ಡವಾಗಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಬಿತ್ತನೆ ಆಗಸ್ಟಿಗೆ ಜಾರಿದರೆ ತೊಗರಿ ಸೊರಗುತ್ತದೆ. ಆಗ ಅದರ ಜಾಗಕ್ಕೆ ಅವರೆಯನ್ನು ತರುವುದು ವಾಸಿ.

ಕೃಷಿ ಹೊಂಡದ ಬಗ್ಗೆ ಆಸೆಗಿಂತ ಲೆಕ್ಕ ಮುಖ್ಯ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. 40 ಮಿಲಿಮೀಟರ್ ಮಳೆಯಲ್ಲಿ ಐದನೆಯ ಒಂದು ಪಾಲು ಹರಿದುಹೋಯಿತು ಎಂದುಕೊಂಡರೆ ಎಕರೆಗೆ 32,000 ಲೀಟರ್. ಮೇಲ್ಭಾಗ 12 ಮೀಟರ್ ಚೌಕ, ಆಳ 3 ಮೀಟರ್, ಇಳಿಜಾರು ಬದಿಗಳಿಂದಾಗಿ ತಳ 6 ಮೀಟರ್ ಚೌಕವಿರುವ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನಿಲ್ಲುತ್ತದೆ. ಎರಡು ಎಕರೆಯ ನೀರು ಹರಿದುಬರುವ ತಗ್ಗಿನಲ್ಲಿ ತೋಡಿದರೆ, ಅಂಥ ನಾಲ್ಕು ಮಳೆಗೆ ಅದು ತುಂಬುತ್ತದೆ. ಎಕರೆಗೆ 25 ಮಿಲಿಮೀಟರಿನಂತೆ ಒಮ್ಮೆ ನೀರು ಕೊಡಲು ಒಂದು ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನೂ ಕಳೆದರೆ ಈ ಹೊಂಡ ಎರಡು ಎಕರೆಗೆ ಒಂದೇ ಒಂದು ಜೀವರಕ್ಷಕ ನೀರನ್ನು ಕೊಡುತ್ತದೆ, ಅಷ್ಟೇ. ಆ ಒಂದು ನೀರು ತೆನೆ ಹೊರಬರುವ ವಾರಕ್ಕೆ ಮೀಸಲಾಗಿದ್ದರೆ ಬೆಳೆ ಉಳಿಯುತ್ತದೆ. ಜುಲೈನಲ್ಲಿ ಎಳೆಯ ಪೈರು ಬಾಡಿತೆಂದು ಮರುಗಿ ಬಿಟ್ಟುಬಿಟ್ಟರೆ ಮುಂದೆ ಬೇಕಾದಾಗ ಇರುವುದಿಲ್ಲ. ಕೆಂಪು ಮಣ್ಣಿನಲ್ಲಿ ನೀರು ನಿಲ್ಲಲು ಪಾಲಿಥೀನ್ ಹೊದಿಕೆ ಬೇಕು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯದಂಥ ಯೋಜನೆಯಡಿ ಈ ಸಾಲಿನಲ್ಲಿ ಸಹಾಯಧನವಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಹೊಂಡ ಮಾಡಿಸುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಪಾಲಿಥೀನ್ ಹೊದಿಸಿದ ಇಳಿಜಾರಿನಲ್ಲಿ ಜಾರಿದ ಮಗು ಮೇಲೆ ಬರಲಾರದು, ಈಜು ಬಲ್ಲ ದೊಡ್ಡವರಿಗೂ ಅದು ಕಷ್ಟ. ನೀರು ತುಂಬುವ ಮೊದಲೇ ಸುತ್ತ ಬೇಲಿ ಹಾಕಿಸಿ. ಗೂಟಕ್ಕೆ ಕಟ್ಟಿದ ದಪ್ಪ ಹಗ್ಗಗಳನ್ನು ನಾಲ್ಕೂ ಬದಿಯಲ್ಲಿ ನೀರಿನವರೆಗೆ ಇಳಿಬಿಡಿ.

ಏಳನೆಯ ಹೆಜ್ಜೆ: ನಡುವೆ ಮಳೆ ನಿಂತಾಗ

ಹತ್ತು ಹನ್ನೆರಡು ದಿನ ಮಳೆಯಿಲ್ಲದಿದ್ದರೆ ಮೊದಲ ಕೆಲಸ ಕುಂಟೆ ಹೊಡೆಯುವುದು. ಮೇಲ್ಮಣ್ಣು ಸಡಿಲವಾಗಿ ಪುಡಿಯಾದರೆ ಕೆಳಗಿನ ತೇವ ಆರುವುದು ತಡವಾಗುತ್ತದೆ, ಕಳೆಯೂ ಸಾಯುತ್ತದೆ. ದಟ್ಟವಾಗಿ ಹುಟ್ಟಿದ ಕಡೆ ಪೈರನ್ನು ತೆಳುಮಾಡಿ. ಒಣ ಮಣ್ಣಿಗೆ ಯೂರಿಯಾ ಎರಚಬೇಡಿ. ಮಳೆ ಬಂದು ಹದವಾದ ಮೇಲೆ ಮೇಲುಗೊಬ್ಬರ ಕೊಡಿ, ಇಲ್ಲವೇ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಂಜೆ ಹೊತ್ತು ಎಲೆಗಳ ಮೇಲೆ ಸಿಂಪಡಿಸಿ. ತೊಗರಿ ಗಿಡಗಳ ಕುಡಿಯನ್ನು 45–50 ದಿನಗಳಲ್ಲಿ ಚಿವುಟಿದರೆ ಕವಲು ಹೆಚ್ಚುತ್ತದೆ. ಕಂಡರಿಯದ ಹುಳುವೋ ರೋಗವೋ ಕಂಡರೆ ಫೋಟೊ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800 180 1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಿ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಹೊಸದನ್ನು ಬೇಗ ಗುರುತಿಸಿ ತಿಳಿಸುವುದು ಸುತ್ತಲ ಊರುಗಳಿಗೂ ಮಾಡುವ ಉಪಕಾರ.

ಎಂಟನೆಯ ಹೆಜ್ಜೆ: ವಿಮೆ ಮತ್ತು ಬೆಳೆ ಸಮೀಕ್ಷೆ

2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ಶೇ 2. ಕಂತು ಕಟ್ಟುವಾಗ ನಮೂದಿಸಿದ ಬೆಳೆಯೂ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ರಾಗಿಗೆ ಕಂತು ಕಟ್ಟಿ, ಸಮೀಕ್ಷೆಯಲ್ಲಿ ಬೇರೆ ಬೆಳೆಯೋ ಪಾಳು ಭೂಮಿಯೋ ಬಿದ್ದಿದ್ದರೆ ಪರಿಹಾರ ಕೈತಪ್ಪುತ್ತದೆ. ದಾಖಲೆಯನ್ನು ಸ್ವತಃ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯಲ್ಲೇ ಸರಿಪಡಿಸಿಕೊಳ್ಳಿ. ರಾಗಿ ಬೆಳೆಗಾರರು ಮರೆಯಬಾರದ ಒಂದು ಅಂಶವಿದೆ: ಕೊಯ್ದು ಹೊಲದಲ್ಲೇ ಅರಿ ಹಾಕಿ (ಹಿಡಿಹಿಡಿಯಾಗಿ ಹರಡಿ) ಒಣಗಿಸುತ್ತಿರುವ ಬೆಳೆ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ, ಕೊಯ್ಲಿನಿಂದ 14 ದಿನಗಳವರೆಗೆ ಅದಕ್ಕೂ ರಕ್ಷಣೆಯಿದೆ. ನಷ್ಟವಾದ 72 ಗಂಟೆಗಳೊಳಗೆ ತಿಳಿಸಬೇಕು. ಆ ಹೊತ್ತಿಗೆ ತಾರೀಖಿರುವ ಫೋಟೊಗಳೂ ನಿಮ್ಮ ಮಳೆ ಪುಸ್ತಕವೂ ನೆರವಿಗೆ ಬರುತ್ತವೆ.

ಒಂಬತ್ತನೆಯ ಹೆಜ್ಜೆ: ಕೊಯ್ಲು, ಸಂಗ್ರಹ, ಬೀಜ

ನವೆಂಬರಿನಲ್ಲಿ ಮುನ್ಸೂಚನೆಯನ್ನು ದಿನವೂ ನೋಡಿ, ಮೂರು ನಾಲ್ಕು ಒಣ ದಿನಗಳು ಒಟ್ಟಿಗೆ ಸಿಗುವಾಗ ಕೊಯ್ಯಿರಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಕೇಳಿದೊಡನೆ ಅರಿಯಲ್ಲಿರುವುದನ್ನು ಎತ್ತಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಮೆದೆ ಒಟ್ಟಿ ಟಾರ್ಪಾಲು ಹೊದಿಸಿ. ಟಾರ್ಪಾಲನ್ನು ಅಕ್ಟೋಬರಿನಲ್ಲೇ ತಂದಿಡುವುದು ಜಾಣತನ.

ಕಾಳನ್ನು ತೇವಾಂಶ ಶೇ 12ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲೋ ಖರೀದಿ ಕೇಂದ್ರದಲ್ಲೋ ತೇವಮಾಪಕವಿರುತ್ತದೆ, ಒಂದು ಹಿಡಿ ಒಯ್ದು ನೋಡಿಸಿ. ರಾಗಿ ವರ್ಷಗಟ್ಟಲೆ ಕೆಡದ ಧಾನ್ಯ. ನೆಲದಡಿ ತೋಡಿದ ಧಾನ್ಯದ ಗುಂಡಿಗಳಾದ ಊರಿನ ಹಗೇವುಗಳು ಬರಗಾಲವನ್ನು ದಾಟಿಸುತ್ತಿದ್ದುದು ಈ ಗುಣದಿಂದಲೇ. ಹಗೇವಿನಲ್ಲಿ ಗಾಳಿಯಾಡದೆ ಹುಳು ಉಸಿರುಗಟ್ಟುತ್ತಿದ್ದ ತತ್ತ್ವವೇ ಇಂದು ಗಾಳಿಯಾಡದ ಬಹುಪದರದ ಚೀಲಗಳಲ್ಲಿದೆ. ತೊಗರಿ, ಅವರೆ, ಹುರುಳಿಗಳನ್ನು ಇಂಥ ಚೀಲದಲ್ಲಿ ತುಂಬಿ ಬಾಯಿ ಬಿಗಿದರೆ ಕಾಳುಹುಳುವಿಗೆ ಔಷಧಿ ಹಾಕುವ ಅಗತ್ಯವೇ ಬೀಳುವುದಿಲ್ಲ. ಹಳೆಯ ಹಗೇವು ತೆರೆಯುವವರು ಮಾತ್ರ ತಕ್ಷಣ ಒಳಗಿಳಿಯಬಾರದು. ಅಲ್ಲಿನ ಕೆಟ್ಟ ಗಾಳಿ ಪ್ರಾಣ ತೆಗೆಯಬಲ್ಲದು.

ಬೀಜಕ್ಕಾಗಿ ಹೊಲದ ನಡುಭಾಗದಿಂದ, ಬೆಂಕಿರೋಗವಿಲ್ಲದ, ಒಂದೇ ಸಮನಾಗಿ ಮಾಗಿದ ತೆನೆಗಳನ್ನು ಕೊಯ್ಲಿಗೆ ಮೊದಲೇ ಆರಿಸಿ ಬೇರೆಯಾಗಿ ಬಡಿಯಿರಿ. ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ನಿಮಗೆ ಕೊಟ್ಟಿದೆ. ಪಕ್ಕದ ಊರಿನ ಒಂದಿಬ್ಬರೊಡನೆ ಮಾತಾಡಿಕೊಂಡು ಒಬ್ಬರು ಮಧ್ಯಮಾವಧಿಯ, ಇನ್ನೊಬ್ಬರು ಅಲ್ಪಾವಧಿಯ ಬೀಜವನ್ನು ಉಳಿಸಿಕೊಂಡರೆ ಎರಡೂ ಸದಾ ಕೈಗೆಟಕುತ್ತವೆ. ಚೀಲದೊಳಗೆ ಒಂದು ಚೀಟಿ ಇಡಿ: ತಳಿಯ ಹೆಸರು, ಬಿತ್ತಿದ ತಾರೀಖು, ತೆನೆ ಕಂಡ ತಾರೀಖು, ಕೊಯ್ದ ತಾರೀಖು, ಆ ಹಂಗಾಮಿನ ಒಟ್ಟು ಮಳೆ. ಮುಂದಿನ ಜುಲೈನಲ್ಲಿ ಕೂರಿಗೆ ಹೂಡುವ ಮೊದಲು ಓದಬೇಕಾದದ್ದು ಆ ಚೀಟಿಯನ್ನೇ.